ನಡುವೆ ಬಿಟ್ಟ ಕೊಂಡಿ

ಕೊಂಡಿಗೆ ಕೂತವಳು ನಡುವೆ ಏಳಬಾರದು. ಗಜೇಂದ್ರಗಡದ ನೇಕಾರ ಓಣಿಯಲ್ಲಿ ಈ ಮಾತನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ತೊಟ್ಟಿಲಲ್ಲಿ ಇರುವಾಗಲೇ ಕಿವಿಗೆ ಬಿದ್ದಿರುತ್ತದೆ.

ಸೀರೆಯ ಮೈಗೆ ಒಂದು ಹಾಸು. ಸೆರಗಿಗೆ ಇನ್ನೊಂದು ಹಾಸು. ಮೈಯ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೇ ಕೊಂಡಿ ಅನ್ನುತ್ತಾರೆ. ಸಾವಿರಾರು ಎಳೆ. ಗಂಡಸಿನ ದಪ್ಪ ಬೆರಳಿಗೆ ಅದು ಒಗ್ಗುವುದಿಲ್ಲ. ಹೆಣ್ಣುಮಕ್ಕಳೇ ಬೇಕು, ಅದರಲ್ಲೂ ಸಣ್ಣ ಬೆರಳಿನ ಹುಡುಗಿಯರು. ನೂಲು ಜಾರದಿರಲೆಂದು ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು, ಬೆನ್ನು ಬಗ್ಗಿಸಿ ಕೂತರೆ ಕೊನೆಯ ಎಳೆ ಮುಗಿಯುವ ತನಕ ಏಳುವಂತಿಲ್ಲ. ಎದ್ದರೆ ಚೌಡೇಶ್ವರಿಯನ್ನು ಹೊಸ್ತಿಲ ಮೇಲೆ ನಿಲ್ಲಿಸಿ ಬಾಗಿಲು ಹಾಕಿದ ಹಾಗೆ. ಆ ಮನೆಯ ಮಗ್ಗ ನಿಂತುಹೋಗುತ್ತದೆ. ಒಬ್ಬಳು ಹಿಡಿದ ಕೊಂಡಿಯನ್ನು ಇನ್ನೊಬ್ಬಳು ಮುಟ್ಟುವಂತೆಯೂ ಇಲ್ಲ.

ನೀಲವ್ವ ಇದನ್ನು ನಂಬಿದ್ದಳು. ಬತ್ತಿಗೆ ಬೆಂಕಿ ತಾಗಿಸಿದರೆ ದೀಪ ಹತ್ತುತ್ತದೆ ಎಂದು ನಂಬುವಷ್ಟೇ ಸಹಜವಾಗಿ ನಂಬಿದ್ದಳು. ಗಂಡ ಸತ್ತು ಎಂಟು ವರ್ಷ. ಮನೆಯಲ್ಲಿ ಅತ್ತೆ ಚೌಡವ್ವ, ಮಗಳು ಚಿನ್ನು, ತಾನು. ಬೆಳಗಾದರೆ ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗಕ್ಕೆ ಕೂತವಳು ಸಂಜೆಗೆ ಏಳುವಾಗ ಮಂಡಿ ಹಿಡಿದುಕೊಂಡು ಏಳುತ್ತಿದ್ದಳು. ಮಗ್ಗ ಸಾವಕಾರರದು. ನೂಲು ಸಾವಕಾರರದು. ನೆಯ್ದ ಸೀರೆ ಸಾವಕಾರರದು. ಕುಣಿಯೊಂದು ಅವಳದು.

ಮಗಳನ್ನಾದರೂ ಆ ಕುಣಿಯಿಂದ ಮೇಲೆ ತರಬೇಕು. ದಿನಾ ದೇವಿಯ ಮುಂದೆ ಅವಳು ಬೇಡುತ್ತಿದ್ದದ್ದು ಅದೊಂದೇ.

ದೇವಿ ಕೇಳಿಸಿಕೊಂಡಳು ಎಂದೇ ಅನ್ನಿಸಿತು. ಸೀರೆ ಅಂಗಡಿಯ ಸಾವಕಾರ ಚಂದ್ರಶೇಖರಪ್ಪನವರು ಅಂಗಡಿಯ ಮೇಲಟ್ಟದಲ್ಲಿ ಹತ್ತನೇ ಇಯತ್ತೆಯ ಬಡಮಕ್ಕಳಿಗೆ ಕಾಲೇಜಿನ ತಯಾರಿ ಶುರು ಮಾಡಿದರು. 'ವಿದ್ಯಾದಾಸೋಹ' ಎಂದು ಹೆಸರಿಟ್ಟರು. ತಾವು ಕೈ ಮುಗಿದು ನಿಂತ ಫೋಟೋ ಹಾಕಿಸಿ ಬಸ್‌ಸ್ಟ್ಯಾಂಡಿನ ತನಕ ಬ್ಯಾನರ್ ಕಟ್ಟಿಸಿದರು. ಪಾಠಕ್ಕೆ ಅಬ್ಬಿಗೇರಿಯಿಂದ ಕಳಕೇಶ ಎಂಬ ಮಾಸ್ತರರನ್ನು ಕರೆಸಿದರು. ಎಮ್ಮೆಸ್ಸಿ ಓದಿ ಕಾಯಂ ನೌಕರಿ ಸಿಗದ ಹುಡುಗ. ಹನ್ನೆರಡು ಮಕ್ಕಳು ಸೇರಿದರು. ನೀಲವ್ವ ಕಾಯಿ ಒಡೆಸಿದಳು.

ಮೊದಲ ದಿನವೇ ಸಾವಕಾರರು ಗಾದಿಯ ಮೇಲೆ ಕೂತು, ಕೆಳಗೆ ನಿಂತ ತಾಯಂದಿರಿಗೆ ಹೇಳಿದರು.

"ಪುಕ್ಕಟ ಉಂಡ ಅನ್ನ ಮೈಗೆ ಹತ್ತೂದಿಲ್ರವ್ವಾ. ಸಾಲಿ ಬಿಟ್ಟಿಂದ ಹುಡುಗ್ರು ಒಂದ್ ತಾಸು ಸೇವಾ ಮಾಡ್ಲಿ. ನಾಕಕ್ಕ ಬರ್ಲಿ. ಐದರಿಂದ ಏಳರ ಮಟ ಕಲೀಲಿ. ಕೈಗೂ ಚಲೋ, ಬುದ್ಧಿಗೂ ಚಲೋ."

"ಹೌದ್ರಿ ಯಪ್ಪಾ," ಎಂದಳು ನೀಲವ್ವ ಎಲ್ಲರಿಗಿಂತ ಮೊದಲು.

ಗಂಡುಹುಡುಗರು ಗಂಟು ಹೊತ್ತರು. ಹೊತ್ತು ಇಳಿಸಿ ಐದಕ್ಕೆ ಮೇಲಟ್ಟ ಹತ್ತಿದರು. ಹುಡುಗಿಯರನ್ನು ಕೆಳಗೆ, ಅಟ್ಟದ ಮೆಟ್ಟಿಲ ಬುಡದಲ್ಲಿ ಕೊಂಡಿಗೆ ಕೂರಿಸಿದರು. ಕೊಂಡಿ ಒಂದು ತಾಸಿನಲ್ಲಿ ಮುಗಿಯುತ್ತದೆಯೇ? ಸಾವಕಾರರು ಹುಟ್ಟಿದಂದಿನಿಂದ ಒಂದು ಎಳೆ ಕೂಡಿಸಿದವರಲ್ಲ. ಕೂತ ಹುಡುಗಿಯರು ನಡುವೆ ಏಳುವಂತಿಲ್ಲ. ಅವರು ಏಳುವ ಹೊತ್ತಿಗೆ ಮೇಲೆ ಮಾಸ್ತರರು ಬೋರ್ಡು ಒರೆಸುತ್ತಿದ್ದರು.

ಐವರು ಹುಡುಗಿಯರಲ್ಲಿ ಮೂವರು ತಿಂಗಳೊಳಗೆ ಪಾಠ ಬಿಟ್ಟರು. ಕೊಂಡಿ ಬಿಡಲಿಲ್ಲ.

ಚಿನ್ನು ಎರಡನ್ನೂ ಬಿಡಲಿಲ್ಲ. ಓಣಿಯಲ್ಲೇ ಅವಳಷ್ಟು ಚುರುಕು ಬೆರಳು ಇನ್ನೊಂದಿರಲಿಲ್ಲ. ಹಾಗಾಗಿ ಮದುವೆ ಸೀರೆಗಳೆಲ್ಲ ಅವಳಿಗೇ ಬಂದವು. ಅವಳ ನೋಟುಬುಕ್ಕಿನ ಹಾಳೆ ಹಾಳೆಗೂ ಬೂದಿಯ ಬೆರಳಚ್ಚು.

ಕಳಕೇಶ ಮಾಸ್ತರರು ಅದನ್ನು ನೋಡಿದರು. ಸಾವಕಾರರಿಗೆ ಎದುರು ಮಾತಾಡುವ ಧೈರ್ಯ ಅವರಿಗಿರಲಿಲ್ಲ. ತಮ್ಮ ಕೈಲಾದಷ್ಟು ಮಾಡಿದರು. ಮೆಟ್ಟಿಲ ಬಾಯಿಗೆ ಬಂದು ನಿಂತು, ಕೆಳಗೆ ಕೂತ ಹುಡುಗಿಯರಿಗೆ ಕೇಳಲೆಂದು ಪಾಠವನ್ನು ಗಂಟಲು ಹರಿಯುವಂತೆ ಕೂಗತೊಡಗಿದರು. "ನಿಮ್ನ ಮಸೂರ! ಪೀನ ಮಸೂರ!" ಸೀರೆ ಕೊಳ್ಳಲು ಬಂದ ಹೆಂಗಸರು ಬೆಚ್ಚಿ ತಲೆ ಎತ್ತಿದರು.

"ಮಾಸ್ತರ್ರ," ಸಾವಕಾರರು ಕೆಳಗಿನಿಂದಲೇ ಅಂದರು, "ಗಿರಾಕಿ ಅದಾರ. ಸಣ್ಣ ದನಿ ಮಾಡ್ರಿ. ಉಳ್ಳಾಗಡ್ಡಿ ಮಾರಾಕ ಬಂದೀರೇನು?"

ಮಾಸ್ತರರು ದನಿ ಇಳಿಸಿದರು. ಎರಡು ದಿನ ಬಿಟ್ಟು ಮತ್ತೆ ಏರಿಸಿದರು.

"ಸರ, ನನ್ನ ಕಿವಿ ಫಸ್ಟ್ ಕ್ಲಾಸ್ ಪಾಸಾಗತೈತಿ," ಒಂದು ಸಂಜೆ ಚಿನ್ನು ಹೇಳಿದಳು. "ಕಣ್ಣು ನಪಾಸ. ಮಸೂರದ ಚಿತ್ರ ಬೋರ್ಡಿನ ಮ್ಯಾಲೆ ಹ್ಯಾಂಗಿರ್ತೈತಿ ಅಂತ ಇವತ್ತಿನ ಮಟ ನೋಡಿಲ್ರಿ."

ಮಾಸ್ತರರು ನಗಲು ಹೋದರು. ಆಗಲಿಲ್ಲ.

ನೀಲವ್ವನಿಗೆ ಇದೆಲ್ಲ ಗೊತ್ತಿತ್ತು. ಪಕ್ಕದ ಮನೆಯ ಬಾನುಬಿ ಗೊತ್ತು ಮಾಡಿಸದೆ ಬಿಡುತ್ತಿರಲಿಲ್ಲ. ಬಾನುಬಿ ಓಣಿಗೆಲ್ಲ ನೂಲು ಸುತ್ತಿಕೊಡುವವಳು. ಅವಳ ನಾಲಿಗೆ ರಾಟಿಗಿಂತ ಜೋರು.

"ನೀಲಕ್ಕಾ, ಸಾವಕಾರನ ಮೊಮ್ಮಗಳೂ ಹತ್ತನೇತ್ತೇ ಅಲ್ಲ? ಆಕಿ ಧಾರವಾಡದಾಗ ಕಲ್ಯಾಕತ್ತಾಳ. ಆಕಿ ಎಷ್ಟ್ ಕೊಂಡಿ ಹಾಕ್ತಾಳಂತ ಕೇಳ್ಬೇ."

"ದೊಡ್ಡವರ ಮಾತು ನಮಗ್ಯಾಕ ಬಾನುಬಿ? ಒಬ್ರು ಕೈ ಎತ್ತಿ ಕೊಡೂಮುಂದ ಇನ್ನೊಂದು ಕೈ ನೋಡಬಾರದು."

"ನೋಡ್ಬೇಡವಾ. ಆ ಇನ್ನೊಂದು ಕೈ ನಿನ್ನ ಮಗಳ ಕುತ್ತಿಗಿ ಮ್ಯಾಲೈತಿ."

ಹತ್ತನೇ ಪರೀಕ್ಷೆ ಮುಗಿಯಿತು. ಚಿನ್ನು ಕಿವಿಯಿಂದ ಓದಿ, ಕಣ್ಣಿಗೆ ನಿದ್ದೆ ಕೊಡದೆ ಬರೆದಳು. ಇನ್ನೊಂದು ಪರೀಕ್ಷೆ ಉಳಿದಿತ್ತು. ನರಗುಂದದ ಕಡೆ ಬಡಮಕ್ಕಳಿಗೆ ಊಟ, ವಸತಿ ಕೊಟ್ಟು ವಿಜ್ಞಾನ ಓದಿಸುವ ಒಂದು ಕಾಲೇಜು. ಅಲ್ಲಿ ಸೀಟು ಸಿಗಬೇಕಾದರೆ ಪ್ರವೇಶ ಪರೀಕ್ಷೆ ಬರೆಯಬೇಕು. ಬೇರೆ ದಾರಿ ಇರಲಿಲ್ಲ. ಅದು ತಪ್ಪಿದರೆ ಮಗ್ಗದ ಕುಣಿ.

ಭಾನುವಾರ ಪರೀಕ್ಷೆ. ಮಧ್ಯಾಹ್ನ ಒಂದೂವರೆಗೆ ಗೇಟು ಮುಚ್ಚುತ್ತಾರೆ. ಹತ್ತು ಗಂಟೆಯ ಬಸ್ಸು ಹತ್ತಿದರೆ ಸಾಕು.

ಅಂದು ಬೆಳಿಗ್ಗೆ ಆರಕ್ಕೇ ಸಾವಕಾರರ ಗುಮಾಸ್ತ ಬಸ್ಯಾ ಹಾಸು ಹೊತ್ತುಕೊಂಡು ಬಂದ.

"ನೀಲಕ್ಕಾ, ಅರ್ಜೆಂಟ್ ಐತಿ. ಮದುವಿ ಸೀರಿ. ಚಿನ್ನೂನ ಕೈನ ಬೇಕಂತ ಸಾವಕಾರ್ರು."

"ಇವತ್ತು ಆಕಿ ಪರೀಕ್ಷಾ ಐತೋ!"

"ಅವ್ರಿಗೆ ಗೊತ್ತೈತಿ. ಹತ್ತರ ಬಸ್ಸಿಗೆ ಆರಾಮ ಮುಗೀತೈತಿ ಅಂದ್ರು."

ಚಿನ್ನು ಅವ್ವನ ಮುಖ ನೋಡಿದಳು. ಅವ್ವ ನೆಲ ನೋಡಿದಳು. ಪಾಠ ಹೇಳಿಸಿದವರು ಸಾವಕಾರರು. ಬ್ಯಾಡ ಅನ್ನುವುದು ಹೇಗೆ? ಚಿನ್ನು ಬೂದಿ ಹಚ್ಚಿಕೊಂಡು ಕೂತಳು. ಸೆರಗಿನ ನೂಲು ಹಿಡಿದುಕೊಡಲು ನೀಲವ್ವನೂ ಕೈಗೆ ಬೂದಿ ಬಳಿದುಕೊಂಡಳು. ಬೆರಳು ಓಡಿದವು. ಏಳು ಗಂಟೆ. ಎಂಟು. ಮದುವೆ ಸೀರೆಗೆ ಎಳೆ ಹೆಚ್ಚು. ಒಂಬತ್ತೂವರೆಗೆ ಇನ್ನೂ ಮುಕ್ಕಾಲು ಮೊಳ ಅಗಲದ ಎಳೆಗಳು ಬಾಕಿ ಇದ್ದವು.

"ಯವ್ವಾ, ನಾ ಏಳ್ತೀನಿ."

"ಬ್ಯಾಡ ನನ್ನವ್ವಾ."

"ಬಸ್ಸು ಹೋಕೈತಿ!"

"ದೇವಿ ಕೊಂಡಿ ಹಿಡದು ನಿಂತಾಳ. ಎದ್ರ ಶಾಪ ತಟ್ಟತೈತಿ. ನಿಮ್ಮಪ್ಪನ್ನ ಕಳಕೊಂಡೀನಿ. ನಿನಗೇನರ ಆದ್ರ?"

ಏಳಲು ಹೋದ ಮಗಳ ಮಣಿಕಟ್ಟನ್ನು ನೀಲವ್ವ ಹಿಡಿದಳು. ಗಟ್ಟಿಯಾಗಿ ಹಿಡಿದಳು. ಚಿನ್ನುವಿನ ಕಣ್ಣೀರು ನೂಲಿನ ಮೇಲೆ ಬಿತ್ತು. ಬೂದಿ ಕರಗಿ ಬೆರಳು ಜಾರಿದವು. ಕೆಲಸ ಇನ್ನೂ ನಿಧಾನವಾಯಿತು.

ಮುಗಿದಾಗ ಹನ್ನೊಂದೂವರೆ.

ನರಗುಂದ ಮುಟ್ಟಿದಾಗ ಎರಡು ಗಂಟೆ ಹತ್ತು ನಿಮಿಷ. ಗೇಟಿನ ಹೊರಗೆ ಕಳಕೇಶ ಮಾಸ್ತರರು ಬಿಸಿಲಲ್ಲಿ ನಿಂತಿದ್ದರು. ಬೆಳಿಗ್ಗೆಯಿಂದ ನಿಂತಿದ್ದರು. ಕೈಯಲ್ಲಿ ಎರಡು ಪೆನ್ನು. ನೀಲವ್ವ ಕಾವಲುಗಾರನ ಕಾಲು ಹಿಡಿದಳು. ಕಾಲು ಎಳೆದುಕೊಂಡು ಅವನು ಅಂದ.

"ನನ್ನ ಕಾಲು ಹಿಡದ್ರ ಏನಾಕೈತಿ ಯವ್ವಾ? ಪರೀಕ್ಷಾಕ ಹೊತ್ತಿಗೆ ಸರಿಯಾಗಿ ಬರಬೇಕು ಅನ್ನೂ ಖಬರ ಬ್ಯಾಡ? ನಿಮ್ಮಂಥವ್ರು ಹಿಂಗ ನೋಡು."

ನಿಮ್ಮಂಥವರು. ಆ ಮಾತು ಅವಳ ಬೆನ್ನಿಗೆ ಅಂಟಿಕೊಂಡು ಗಜೇಂದ್ರಗಡದ ತನಕ ಬಸ್ಸಿನಲ್ಲಿ ಬಂತು. ಚಿನ್ನು ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮಣಿಕಟ್ಟಿನ ಮೇಲೆ ಅವ್ವನ ಐದು ಬೆರಳಿನ ಬೂದಿ ಹಾಗೇ ಇತ್ತು. ಒರೆಸಿಕೊಂಡಿರಲಿಲ್ಲ.

ಮೂರು ದಿನ ಚಿನ್ನು ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಚೌಡವ್ವ ಮೂಲೆಯಿಂದ ಕೇಳಿದಳು. ಎಂಬತ್ತು ದಾಟಿದ ಮುದುಕಿ. ಕಣ್ಣು ಹೋಗಿದ್ದವು. ಕಿವಿ ಇದ್ದವು.

"ಕೂಸು ಯಾಕ ಉಣ್ಣವಲ್ದು?"

ನೀಲವ್ವ ಹೇಳಿದಳು. ಅಳುತ್ತ ಎಲ್ಲ ಹೇಳಿದಳು. ಮುದುಕಿ ಬೊಚ್ಚು ಬಾಯಿ ಬಿಟ್ಟಳು.

"ಹಾಳಾದಾಕಿ. ಕೊಂಡಿ ನಡುವ ಏಳಬಾರದಂತ ನಿನಗ ಯಾರ್ ಹೇಳಿದ್ರು?"

"ಅದೇನತ್ತಿ! ದೇವಿ ಕಟ್ಟಳಿ ಅಲ್ಲೇನು?"

"ದೇವಿಗೆ ಬ್ಯಾರೆ ಉದ್ಯೋಗಿಲ್ಲ? ನಾ ಸಣ್ಣಾಕಿದ್ದಾಗ ನಮ್ಮವ್ವ ಕೊಂಡಿ ಬಿಟ್ಟು ಎದ್ದು ನನ್ನ ತಮ್ಮಗ ಮೊಲಿ ಕುಡಸ್ತಿದ್ಲು. ಒಲ್ಯಾಗ ರೊಟ್ಟಿ ಬೇಯಿಸಿ ಬಂದು ಮತ್ತ ಕುಂಡ್ರತಿದ್ಲು. ಅಕ್ಕ ಬಿಟ್ಟಿದ್ದು ತಂಗಿ ಹಿಡೀತಿದ್ಲು. ಆಗ ಮಗ್ಗ ನಮ್ಮವ. ಆಮ್ಯಾಲೆ ಈ ಸಾವಕಾರನ ಮುತ್ಯಾ ಬಂದ. ಮಗ್ಗ ಅವನವಾದವು. ಹೆಂಗಸ್ರು ಎದ್ದು ಹೋಗ್ತಾವು, ಸೀರಿ ತಡಾ ಆಕೈತಿ ಅಂತ ಅವನ ಈ ಕಟ್ಟಳಿ ಹಾಕಿದ. ಬರೇ ಅವನ ಮಾತಾಗಿದ್ರ ಯಾರ್ ಕೇಳತಿದ್ರು? ಪೂಜಾರಿ ಬಾಯಿಲೆ ದೇವಿ ಹೆಸರ ಹಚ್ಚಿಸಿದ."

ನೀಲವ್ವ ಕೈಯಲ್ಲಿದ್ದ ಚರಗಿ ಕೆಳಗಿಟ್ಟಳು.

"ಇಷ್ಟು ವರ್ಷ ಯಾಕ ಹೇಳಲಿಲ್ಲ ಅತ್ತಿ?"

"ನೀ ಕೇಳಿದೇನು?" ಎಂದಳು ಮುದುಕಿ. "ನಾನೂ ಅಂಜಿ ಹಂಗ ಕುಂತೆ. ಕುಂತು ಕುಂತು ನಂಬಿಬಿಟ್ಟೆ. ಸುಳ್ಳಿಗೆ ಕುಂಕುಮ ಹಚ್ಚಿದ್ರ ಖರೇನ ಕಾಣ್ತೈತಿ ತಂಗಿ."

ಆ ಸಂಜೆ ನೀಲವ್ವ ದೇವಿಯ ಮುಂದೆ ದೀಪ ಹಚ್ಚಿ ಬಹಳ ಹೊತ್ತು ಕೂತಳು. ಸಿಟ್ಟು ಬಂದಿತ್ತು. ದೇವಿಯ ಮೇಲಲ್ಲ. ನಿನ್ನ ಹೆಸರು ಹೇಳಿ ನನ್ನ ಕೈಯಿಂದಲೇ ನನ್ನ ಮಗಳನ್ನು ಕಟ್ಟಿಹಾಕಿಸಿದರಲ್ಲ ತಾಯಿ ಎಂದಳು. ದೀಪ ಅಲುಗದೆ ಉರಿಯುತ್ತಿತ್ತು.

ಹದಿನೈದು ದಿನಕ್ಕೆ ಕಳಕೇಶ ಮಾಸ್ತರರು ಓಡುತ್ತ ಬಂದರು. ಆರು ಸೀಟು ಉಳಿದಿವೆ. ಇನ್ನೊಮ್ಮೆ ಪರೀಕ್ಷೆ ಮಾಡುತ್ತಾರೆ. ಈ ಸಲ ರೋಣದಲ್ಲಿ. ಗುರುವಾರ ಹನ್ನೆರಡಕ್ಕೆ. ಹನ್ನೊಂದೂ ಮುಕ್ಕಾಲಿಗೆ ಗೇಟು ಮುಚ್ಚುತ್ತದೆ.

ಅದೇ ಗುರುವಾರ ವಿದ್ಯಾದಾಸೋಹದ ವಾರ್ಷಿಕ ಸಮಾರಂಭ. ಸಾವಕಾರರ ಕರೆ ಬಂದೇ ಬಂತು. ಬೆಂಗಳೂರಿನ ದೊಡ್ಡ ಸೀರೆ ವ್ಯಾಪಾರಿಗಳು ಬರುತ್ತಾರೆ. ವೇದಿಕೆಯ ಮೇಲೆ ಚಿನ್ನು ಕೊಂಡಿ ಹಾಕಿ ತೋರಿಸಬೇಕು. ಓದಿನ ಜೊತೆ ಕಸುಬು.

ನೀಲವ್ವ ಅಂಗಡಿಗೆ ಹೋಗಿ ಕೈ ಮುಗಿದಳು.

"ಯಪ್ಪಾ, ಅವತ್ತ ರೋಣದಾಗ ಪರೀಕ್ಷಾ ಐತ್ರಿ. ಬ್ಯಾರೆ ಹುಡುಗೀನ ಕುಂಡ್ರಸ್ರಿ."

"ಬ್ಯಾರೆ ಕೈಯಾಗ ಈ ಸಫಾಯಿ ಎಲ್ಲೈತಿ? ಒಂಬತ್ತಕ್ಕ ಕುಂತ್ರ ಅರ್ಧ ತಾಸಿನ್ಯಾಗ ಅವ್ರು ನೋಡಿ ಹೋಗ್ತಾರ. ಕೊಂಡಿ ಆಮ್ಯಾಲೆ ಬಂದು ಮುಗಿಸ್ಲಿ. ನನ್ನ ಕಾರಿನ್ಯಾಗ ರೋಣಕ್ಕ ಬಿಡಸ್ತೀನಿ. ಮಾತು ಕೊಟ್ಟೀನಿ."

ಆಮೇಲೆ ಬಂದು ಮುಗಿಸಲಿ. ನೀಲವ್ವ ಆ ಮಾತನ್ನು ಮತ್ತೆ ಮತ್ತೆ ಮನಸ್ಸಿನಲ್ಲೇ ಅಂದುಕೊಂಡಳು. ಅವರಿಗೆ ಬೇಕಾದಾಗ ದೇವಿ ಹೊಸ್ತಿಲ ಮೇಲೆ ಕಾಯುತ್ತಾಳೆ. ನಮಗೆ ಬೇಕಾದಾಗ ಶಾಪ ಕೊಡುತ್ತಾಳೆ.

ಆದರೂ ಹೋದಳು. ಮಗ್ಗ ಅವರದು.

ಗುರುವಾರ ಒಂಬತ್ತಕ್ಕೆ ವೇದಿಕೆಯ ಮೇಲೆ ಹಾಸು ಎಳೆದು ಕಟ್ಟಿದರು. ಚಿನ್ನುವಿಗೆ ಅಂಗಡಿಯ ಹೊಸ ಸೀರೆ ಉಡಿಸಿ ಕೂರಿಸಿದರು. ಅದನ್ನು ಆಮೇಲೆ ಬಿಚ್ಚಿ ಕೊಡಬೇಕು. ಬೆಲೆಯ ಚೀಟಿಯನ್ನೂ ಕಿತ್ತಿರಲಿಲ್ಲ. ಎದುರಿಗೆ ಸೆರಗಿನ ನೂಲಿನ ಕಟ್ಟನ್ನು ಬಿಗಿಯಾಗಿ ಹಿಡಿದು ನೀಲವ್ವ ಕೂತಳು. ಕೆಳಗಿನ ಸಾಲಿನಲ್ಲಿ ಓಣಿಯ ಹೆಂಗಸರು. ಒಂಬತ್ತೂವರೆ ಆಯಿತು. ವ್ಯಾಪಾರಿಗಳು ಬರಲಿಲ್ಲ. ಹತ್ತಾಯಿತು. ರೋಣದ ಬಸ್ಸು ಹೋಯಿತು.

ಹತ್ತೂ ಕಾಲಿಗೆ ಕಾರು ಬಂತು. ಹಾರ, ಶಾಲು, ಫೋಟೋ. ಸಾವಕಾರರು ಮೈಕು ಹಿಡಿದರು.

"ಈ ಹುಡುಗಿ ನೋಡ್ರಿ. ತಂದಿ ಇಲ್ಲ. ಹೊಟ್ಟಿಗಿಲ್ಲ, ಬಟ್ಟಿಗಿಲ್ಲ. ಇಂಥಾಕಿನ್ನ ಎತ್ತಿ ತಂದು ವಿದ್ಯಾ ಕೊಟ್ಟೀವಿ."

ಜನ ಚಪ್ಪಾಳೆ ತಟ್ಟಿದರು. ಚಿನ್ನು ತಲೆ ಎತ್ತಲಿಲ್ಲ. ವ್ಯಾಪಾರಿಯೊಬ್ಬರು ಬಗ್ಗಿ ಕೊಂಡಿ ನೋಡಿದರು. ಪೂರ್ತಿ ಮುಗಿಯುವ ತನಕ ವಿಡಿಯೋ ಮಾಡಬಹುದೇ ಎಂದು ಕೇಳಿದರು.

"ಮಾಡ್ರಿ, ಮಾಡ್ರಿ!" ಸಾವಕಾರರ ಮುಖ ಅರಳಿತು. "ನಮ್ಮಲ್ಲಿ ಒಂದು ಪದ್ಧತಿ ಐತ್ರಿ. ಕೊಂಡಿಗೆ ಕುಂತಾಕಿ ನಡುವ ಏಳೂದಿಲ್ಲ. ಅಷ್ಟು ಭಕ್ತಿ."

ನೀಲವ್ವ ಮಗಳ ಮಣಿಕಟ್ಟು ನೋಡಿದಳು.

ಕೈ ಬಿಟ್ಟಳು.

ಬಿಗಿಯಾಗಿ ನಿಂತಿದ್ದ ನೂಲು ಒಮ್ಮೆಲೇ ಸಡಿಲಾಗಿ ಮುದುರಿಕೊಂಡಿತು. ನೀಲವ್ವ ಮಂಡಿ ಹಿಡಿದುಕೊಂಡು ಎದ್ದು ನಿಂತಳು. ಅಂದು ಹಿಡಿದು ಕೂರಿಸಿದ ಅದೇ ಮಣಿಕಟ್ಟನ್ನು ಹಿಡಿದು ಎಬ್ಬಿಸಿದಳು.

"ಏಳ್ ಚಿನ್ನು."

"ನೀಲವ್ವಾ!" ಸಾವಕಾರರು ಮೈಕಿನಲ್ಲೇ ಕೂಗಿಬಿಟ್ಟರು. "ಏನ್ ಮಾಡಾಕತ್ತಿ? ಕೊಂಡಿ ನಡುವ ಬಿಡ್ತಾರೇನು? ದೇವಿ ಶಾಪ ತಟ್ಟತೈತಿ!"

"ತಟ್ಟಲಿ ಬಿಡ್ರಿ," ಎಂದಳು ನೀಲವ್ವ. ಅವಳ ದನಿ ಜೋರಿರಲಿಲ್ಲ. ಮೈಕು ಹತ್ತಿರವಿತ್ತು. ಎಲ್ಲರಿಗೂ ಕೇಳಿತು. "ನಿಮ್ಮ ಮುತ್ಯಾನ ಶಾಪ ಅದು. ನಮ್ಮ ದೇವಿದಲ್ಲ. ನಮ್ಮ ದೇವಿ ಕೂಸಿನ ಪರೀಕ್ಷಾ ತಪ್ಪಸೂದಿಲ್ರಿ. ದಾಸೋಹ ಅಂತ ಬೋರ್ಡ್ ಹಾಕೀರಿ. ದಾಸೋಹದಾಗ ಉಂಡವ್ರ ಕೈ ಹಿಡದು ದುಡಸ್ಕೊಂತಾರೇನ್ರಿ? ನನ್ನ ಮಗಳು ನಿಮ್ಮ ಅಟ್ಟ ಹತ್ತಿ ಒಂದ್ ದಿನಾ ಪೂರಾ ಪಾಠ ಕೇಳಿಲ್ಲ. ಅಟ್ಟದ ಪಾಯರಿ ಕೆಳಗ ಕುಂತು ಕಲತಾಳ. ನಾಯಿ ಕುಂತಂಗ ಕುಂತು ಕಲತಾಳ. ಹೊಟ್ಟಿಗಿಲ್ಲ ಅಂದ್ರಿ. ಹೊಟ್ಟಿಗೆ ನಾ ನೇಯ್ದು ಹಾಕೀನಿ. ನೀವು ಹಾಕಿಲ್ಲ."

"ಮಗ್ಗ ಯಾರದು ಅಂತ ಖಬರ ಐತಿಲ್ಲೋ?"

"ಐತ್ರಿ. ಒಯ್ರಿ. ಕುಣಿ ಒಯ್ಯಾಕ ಬರೂದಿಲ್ಲ ನಿಮಗ."

ಇಳಿಯುವ ಮುಂಚೆ ಚಿನ್ನು ಅಲ್ಲೇ ಪರದೆಯ ಹಿಂದೆ ಹೋಗಿ ಹೊಸ ಸೀರೆ ಬಿಚ್ಚಿ ತನ್ನ ಚೂಡಿದಾರ ಹಾಕಿಕೊಂಡು ಬಂದಳು. ಸೀರೆಯನ್ನು ಮಡಿಚಿ ಸಾವಕಾರರ ಖುರ್ಚಿಯ ಮೇಲಿಟ್ಟಳು. ಕಳಕೇಶ ಮಾಸ್ತರರು ಒಂದು ಗಳಿಗೆ ವೇದಿಕೆಯ ಮೇಲಿನ ತಮ್ಮ ಖುರ್ಚಿಯಲ್ಲೇ ಕೂತಿದ್ದರು. ಆಮೇಲೆ ಎದ್ದರು. ಹೆಗಲ ಮೇಲೆ ಹೊದಿಸಿದ್ದ ಶಾಲನ್ನು ಖುರ್ಚಿಗೆ ಹಾಕಿ ಅವರ ಹಿಂದೆ ಇಳಿದರು.

ಬಾನುಬಿ ಮಾತಿಗಿಂತ ಮೊದಲು ಓಡಿದ್ದು ಅದೇ ಮೊದಲ ಸಲ. ಅವಳ ಗಂಡ ಖಾದರನ ಟಂಟಂ ಗಾಡಿ ಬಜಾರಿನಲ್ಲಿ ನಿಂತಿತ್ತು. ಉಳ್ಳಾಗಡ್ಡಿ ಚೀಲಗಳನ್ನು ಅಲ್ಲೇ ಕೆಳಗೆ ಇಳಿಸಿ ಮೂವರನ್ನೂ ಹತ್ತಿಸಿದ. ರೋಣದ ದಾರಿಯಲ್ಲಿ ಎರೆ ಮಣ್ಣಿನ ಧೂಳು ಕಣ್ಣಿಗೆ ಹೊಡೆಯುತ್ತಿತ್ತು. ಮಾಸ್ತರರು ಪೆನ್ನು ತೆಗೆದು ತಮ್ಮ ಅಂಗೈ ಮೇಲೆ ಪೀನ ಮಸೂರ ಬರೆದು ತೋರಿಸಿದರು. ಬೆಳಕು ಎಲ್ಲಿ ಬಾಗುತ್ತದೆ, ಎಲ್ಲಿ ಕೂಡುತ್ತದೆ ಎಂದು ಗೆರೆ ಎಳೆದರು. ಚಿನ್ನು ಬಗ್ಗಿ ನೋಡಿದಳು.

"ಇಷ್ಟನೇನ್ರಿ ಸರ? ಕೊಂಡಿ ಹಂಗ ಐತಿ. ಎಲ್ಲಾ ಎಳಿ ಒಂದ ಕಡೆ ಬಂದು ಕೂಡ್ತಾವು."

ಗೇಟು ಮುಚ್ಚಲು ಏಳು ನಿಮಿಷ ಇತ್ತು. ಚಿನ್ನು ಒಳಗೆ ಓಡಿದಳು. ತಿರುಗಿ ನೋಡಲಿಲ್ಲ. ನೀಲವ್ವ ಹೊರಗೆ ಬೇವಿನ ಬುಡದಲ್ಲಿ ಕೂತಳು. ಆರು ಸೀಟು. ಎಷ್ಟೋ ಮಕ್ಕಳು ಒಳಗೆ ಹೋದವು. ಎಲ್ಲರ ಅವ್ವಂದಿರೂ ಯಾವುದೋ ದೇವರಿಗೆ ಬೇಡಿಕೊಂಡೇ ಬಂದಿರುತ್ತಾರೆ. ಆರೇ ಸೀಟು ಯಾಕೆ? ಇದನ್ನು ಯಾವ ದೇವರಿಗೆ ಕೇಳಬೇಕೋ ಅವಳಿಗೆ ತಿಳಿಯಲಿಲ್ಲ.

ಮರುದಿನವೇ ಬಸ್ಯಾ ನಾಲ್ಕು ಆಳು ಕರೆತಂದು ಮಗ್ಗ ಬಿಚ್ಚಿಸಿಕೊಂಡು ಹೋದ. ಮನೆಯ ನಡುವೆ ಕುಣಿ ಬಾಯಿ ತೆರೆದು ಉಳಿಯಿತು. ನೀಲವ್ವ ಉಳ್ಳಾಗಡ್ಡಿ ಆರಿಸುವ ಕೂಲಿಗೆ ಹೋದಳು. ಮಂಡಿ ನೋವಿಗೆ ಸೊಂಟದ ನೋವು ಕೂಡಿಕೊಂಡಿತು. ಫಲಿತಾಂಶ ಬಂದಿರಲಿಲ್ಲ. ಎಂದು ಬರುತ್ತದೋ ಯಾರೂ ಹೇಳಲಿಲ್ಲ.

ಆರನೆಯ ದಿನ ಸಂಜೆ ಬಸ್ಯಾ ಮತ್ತೆ ಬಂದ. ಈ ಸಲ ಒಬ್ಬನೇ. ಚಪ್ಪಲಿ ಹೊರಗೆ ಬಿಟ್ಟು ಬಂದ.

"ನೀಲಕ್ಕಾ, ಸಾವಕಾರ್ರು ಚಿನ್ನೂನ ಕರದಾರ. ಆ ಕೊಂಡಿ ಅರ್ಧಾಕ ನಿಂತೈತಿ. ಬೆಂಗಳೂರವ್ರು ಆ ಸೀರೀನ ಬೇಕಂತ ಹಟ ಹಿಡದಾರ."

"ಓಣ್ಯಾಗ ಬ್ಯಾರೆ ಹೆಣ್ಮಕ್ಕಳು ಸತ್ತಾರೇನೋ?"

ಬಸ್ಯಾ ತಲೆ ಕೆರೆದುಕೊಂಡ.

"ಹತ್ತು ಮನಿ ತಿರುಗಿದೆ. ಒಬ್ಬಾಕಿನೂ ಒಲ್ಲೆ ಅನ್ನಲಿಲ್ಲ. ಕೈ ಮುಗದು ಹೇಳಿದ್ರು, 'ಒಬ್ಬಾಕಿ ಹಿಡದ ಕೊಂಡಿ ಇನ್ನೊಬ್ಬಾಕಿ ಮುಟ್ಟಬಾರದಲ್ಲ ಬಸಣ್ಣ. ದೇವಿ ಶಾಪ ತಟ್ಟತೈತಿ. ಸಾವಕಾರ್ರ ಮೈಕಿನ್ಯಾಗ ಹೇಳ್ಯಾರ.'"

ಮೂಲೆಯಲ್ಲಿ ಚೌಡವ್ವ ಕೆಮ್ಮಿದಳು. ಕೆಮ್ಮೋ ನಗುವೋ ತಿಳಿಯಲಿಲ್ಲ.

ನೀಲವ್ವ ಮಣ್ಣು ಮೆತ್ತಿದ ಕೈ ತೊಳೆದುಕೊಂಡಳು. ಸೆರಗಿಗೆ ಒರೆಸಿಕೊಂಡಳು.

"ಸಾವಕಾರ್ರ ಮೊಮ್ಮಗಳು ರಜಾಕ ಬಂದಾಳಲ್ಲ? ಕಳಸಾಕ ಹೇಳು. ಕೊಂಡಿ ಹಾಕೂದು ನಾ ಕಲಸ್ತೀನಿ. ಪುಕ್ಕಟ. ನಾಕಕ್ಕ ಬರ್ಲಿ. ಆದ್ರ ಒಂದ ಮಾತು, ಕುಂತ ಮ್ಯಾಲೆ ನಡುವ ಏಳಾಕ ಬರೂದಿಲ್ಲ ಅಂತ ಹೇಳು."

ಬಸ್ಯಾ ಬಾಗಿಲಲ್ಲೇ ನಿಂತು ಒಳಗೆ ಇಣುಕಿದ. ಖಾಲಿ ಕುಣಿಯ ಸುತ್ತ ಐದು ಹುಡುಗಿಯರು ಕಾಲು ಇಳಿಬಿಟ್ಟು ಕೂತಿದ್ದರು. ಪಾಠ ಬಿಟ್ಟಿದ್ದ ಮೂವರೂ ಬಂದಿದ್ದರು. ಎದುರಿನ ಗೋಡೆಯ ಮೇಲೆ ಇದ್ದಿಲಿನಿಂದ ದೊಡ್ಡದಾಗಿ ಮಸೂರ ಬರೆದಿತ್ತು. ಕಳಕೇಶ ಮಾಸ್ತರರು ಪಾಠ ಹೇಳುತ್ತಿದ್ದರು. ಸಣ್ಣ ದನಿಯಲ್ಲಿ ಹೇಳುತ್ತಿದ್ದರು. ಕೂಗುವ ಕಾರಣ ಇರಲಿಲ್ಲ.